ಪುಟಕ್ಕೆ 2 ಡಾಲರ್

ವಿಚಾರಣೆಯ ನಡಾವಳಿ 950 ಪುಟ. ಪುಟಕ್ಕೆ 2 ಡಾಲರಿನಂತೆ 1,900 ಡಾಲರ್. ಕಡತದ ಉಳಿದ ಕಾಗದಪತ್ರ 219 ಪುಟ, ಅದಕ್ಕೆ 438. ಎಲ್ಲವನ್ನೂ ಬೈಂಡ್ ಮಾಡಿಸುವುದಕ್ಕೆ 4 ಡಾಲರ್ 36 ಸೆಂಟ್. ಅಂಚೆ ವೆಚ್ಚ 10. ಒಟ್ಟು 2,352 ಡಾಲರ್ 36 ಸೆಂಟ್.

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಒಬ್ಬ ತಾಯಿಯ ಕೈಗೆ ಬಂದ ಲೆಕ್ಕ ಇದು. ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ ಅಲ್ಲಿನ ಕೋರ್ಟು ಆಕೆಗೂ ಆಕೆಯ ಇಬ್ಬರು ಮಕ್ಕಳಿಗೂ ಇದ್ದ ಕಾನೂನಿನ ಸಂಬಂಧವನ್ನು ಕಡಿದುಹಾಕಿತ್ತು. ಆಕೆ 100 ಡಾಲರ್ ಶುಲ್ಕ ಕಟ್ಟಿ ಮೇಲ್ಮನವಿ ಹಾಕಿದಳು. ಅದು ಮುಂದಕ್ಕೆ ಹೋಗಬೇಕಾದರೆ ಮೇಲಿನ ಲೆಕ್ಕವನ್ನೂ ಮುಂಗಡವಾಗಿ ಕಟ್ಟಬೇಕಿತ್ತು. ಅಷ್ಟು ಹಣ ಆಕೆಯ ಬಳಿ ಇರಲಿಲ್ಲ.

ತೀರ್ಪುಗಳಲ್ಲಿ ಆಕೆಯ ಹೆಸರು ಎಂ.ಎಲ್.ಬಿ. ಅಷ್ಟೆ. ಮಕ್ಕಳ ಗುರುತು ಹೊರಬೀಳದಿರಲಿ ಎಂದು ಇಂಥ ಪ್ರಕರಣಗಳಲ್ಲಿ ಬರೀ ಅಕ್ಷರಗಳನ್ನು ಬಳಸುತ್ತಾರೆ. ಆಕೆಗೆ 1992ರಲ್ಲಿ ವಿಚ್ಛೇದನವಾಗಿತ್ತು. ಮಕ್ಕಳು ತಂದೆಯ ಜೊತೆ ಇರಲಿ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅದೇ ವರ್ಷ ತಂದೆ ಮರುಮದುವೆಯಾದ. ಮರುವರ್ಷ ಕೋರ್ಟಿಗೆ ಹೋಗಿ, ಈ ಮಕ್ಕಳ ಮೇಲೆ ಹೆತ್ತವಳಿಗಿರುವ ಹಕ್ಕನ್ನು ತೆಗೆದುಹಾಕಿ, ನನ್ನ ಎರಡನೆಯ ಹೆಂಡತಿ ಇವರನ್ನು ದತ್ತು ಪಡೆಯಲು ಬಿಡಿ ಎಂದು ಕೇಳಿದ. 1994ರಲ್ಲಿ ಮೂರು ದಿನ ವಿಚಾರಣೆ ನಡೆದು ಅವನು ಕೇಳಿದಂತೆಯೇ ಆಯಿತು. ಆದೇಶದಲ್ಲಿ ಕಾಯಿದೆಯ ಮಾತುಗಳನ್ನೇ ತಿರುಗಿ ಬರೆದಿದ್ದರು. ಯಾವ ಸಾಕ್ಷಿ ಏನು ಹೇಳಿದ್ದರಿಂದ ಈ ತೀರ್ಮಾನಕ್ಕೆ ಬಂದೆವು ಎನ್ನುವ ವಿವರ ಇರಲಿಲ್ಲ. ಕೆಳಗಿನ ಕೋರ್ಟು ತಪ್ಪು ಮಾಡಿದೆಯೋ ಇಲ್ಲವೋ ತಿಳಿಯಬೇಕಾದರೆ ಆ 950 ಪುಟಗಳನ್ನೇ ತೆರೆಯಬೇಕು.

ಮೇಲ್ಮನವಿ ಎಂದರೆ ಕೇಸನ್ನು ಮತ್ತೊಮ್ಮೆ ನಡೆಸುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ಸಾಕ್ಷಿಗಳು ಬರುವುದಿಲ್ಲ. ತಾಯಿ ಅತ್ತಳೋ, ಸಾಕ್ಷಿ ತಡವರಿಸಿದನೋ, ಯಾವುದೂ ಆ ನ್ಯಾಯಾಧೀಶರಿಗೆ ಕಾಣುವುದಿಲ್ಲ. ಅವರ ಮುಂದೆ ಇರುವುದು ಕಾಗದ. ಅದನ್ನು ಓದುವಾಗಲೂ, ನಾನಾಗಿದ್ದರೆ ಹೀಗೆ ತೀರ್ಪು ಕೊಡುತ್ತಿದ್ದೆನೇ ಎಂದು ಅವರು ಕೇಳಿಕೊಳ್ಳುವುದಿಲ್ಲ. ಕೆಳಗಿನವರು ಹೀಗೆ ತೀರ್ಮಾನಿಸಲು ಸಾಕಷ್ಟು ಸಾಕ್ಷ್ಯ ಇತ್ತೇ, ಕಾನೂನನ್ನು ಸರಿಯಾಗಿ ಅನ್ವಯಿಸಿದರೇ, ತಪ್ಪಿದ್ದರೂ ಅದರಿಂದ ಫಲಿತಾಂಶ ಬದಲಾಗುತ್ತಿತ್ತೇ, ಇಷ್ಟನ್ನೇ ನೋಡುತ್ತಾರೆ. ಆದ್ದರಿಂದ ಕಾಗದ ಇಲ್ಲದವನಿಗೆ ಮೇಲ್ಮನವಿಯೂ ಇಲ್ಲ. ಸರ್ಟಿಫೈಡ್ ಕಾಪಿಗಾಗಿ ನಮ್ಮ ಯಾವುದೇ ಊರಿನ ಕೋರ್ಟಿನ ನಕಲು ವಿಭಾಗದ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಮೆರಿಕದ ಸಂವಿಧಾನದಲ್ಲಿ ಮೇಲ್ಮನವಿಯ ಹಕ್ಕಿನ ಪ್ರಸ್ತಾಪವೇ ಇಲ್ಲ. ರಾಜ್ಯಗಳು ಅದನ್ನು ಕೊಡಲೇಬೇಕೆಂದೇನಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1894ರಲ್ಲೇ ಹೇಳಿತ್ತು. ಕೊಟ್ಟರೂ ಯಾರಿಗೆ, ಎಷ್ಟು ಹಣಕ್ಕೆ ಎಂಬುದು ಆಯಾ ರಾಜ್ಯದ ಮರ್ಜಿ. ಈ ನಂಬಿಕೆಗೆ ಪೆಟ್ಟು ಬಿದ್ದದ್ದು 1956ರಲ್ಲಿ, ಷಿಕಾಗೋದ ಇಬ್ಬರು ದರೋಡೆಕೋರರಿಂದ. ಆಯುಧ ತೋರಿಸಿ ದರೋಡೆ ಮಾಡಿದ ಆರೋಪ ರುಜುವಾತಾಗಿ ಇಬ್ಬರೂ ಜೈಲಿನಲ್ಲಿದ್ದರು. ಮೇಲ್ಮನವಿಗೆ ನಡಾವಳಿಯ ಪ್ರತಿ ಬೇಕು, ಹಣವಿಲ್ಲ, ಪುಕ್ಕಟೆ ಕೊಡಿ ಎಂದು ಕೇಳಿದರು. ಇಲಿನಾಯ್ ರಾಜ್ಯ ಗಲ್ಲುಶಿಕ್ಷೆಯಾದ ಬಡವರಿಗೆ ಮಾತ್ರ ಅದನ್ನು ಪುಕ್ಕಟೆ ಕೊಡುತ್ತಿತ್ತು. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯಲ್ಲಿ ಐವರು ಕೈದಿಗಳ ಪರ ನಿಂತರು. ಮೇಲ್ಮನವಿಯ ಬಾಗಿಲು ತೆರೆಯಬೇಕೋ ಬೇಡವೋ ಅದು ರಾಜ್ಯಕ್ಕೆ ಬಿಟ್ಟದ್ದು, ಆದರೆ ಒಮ್ಮೆ ತೆರೆದ ಮೇಲೆ ದುಡ್ಡಿದ್ದವರನ್ನು ಒಳಗೆ ಬಿಟ್ಟು ಇಲ್ಲದವರನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂಬುದು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ವಾದದ ತಿರುಳು. ಇದೇ ಗ್ರಿಫಿನ್ ಪ್ರಕರಣ.

ಇದೇ ಕಾಗದದ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿಗೆ ಬಂದದ್ದು 1978ರಲ್ಲಿ, ಅದೂ ಧಾರವಾಡದ ಹೆಸರು ಹೊತ್ತು. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಒಬ್ಬ ವ್ಯಕ್ತಿ ಮುಂಬಯಿಯ ಬ್ಲಾಕ್ ತಯಾರಕರ ಬಳಿ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಮೊಹರು ಮಾಡಿಸಲು ನೋಡಿದ್ದ, ನಕಲಿ ಪದವಿ ಪತ್ರಗಳಿಗಾಗಿ. ಸೆಷನ್ಸ್ ಕೋರ್ಟು ತಪ್ಪಿತಸ್ಥನೆಂದಿತು, ಆದರೆ ಕೋರ್ಟು ಏಳುವ ತನಕದ ಸಜೆ ಮತ್ತು ಒಂದಿಷ್ಟು ದಂಡಕ್ಕೇ ಬಿಟ್ಟಿತು. ಸರ್ಕಾರದ ಅಪೀಲಿನ ಮೇಲೆ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಅದರ ವಿರುದ್ಧ ಆತ ದೆಹಲಿಗೆ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ, ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಮುಗಿಸಿದ ಮೇಲೆ. ಯಾಕಿಷ್ಟು ತಡ ಎಂದರೆ, ಹೈಕೋರ್ಟಿನ ತೀರ್ಪಿನ ಪ್ರತಿ ಜೈಲಿನಲ್ಲಿ ತನ್ನ ಕೈಗೆ ಸಿಗಲಿಲ್ಲ ಎಂದ. ಕೊಟ್ಟಿದ್ದೆವು ಎಂದಿತು ಜೈಲು. ಕೊಟ್ಟಿದ್ದಕ್ಕೆ ಕೈದಿಯ ಸಹಿ ಇರುವ ಚೀಟಿ ಮಾತ್ರ ಇರಲಿಲ್ಲ.

ಹೊಸ್ಕೋಟ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಓದುವುದು ಇದನ್ನೇ. ಆತನಿಗೆ ಕೋರ್ಟಿನಿಂದ ಏನೂ ದಕ್ಕಲಿಲ್ಲ, ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ನೆಪದಲ್ಲಿ, ಜೈಲುಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು, ಜೈಲಿನವರು ಅದನ್ನು ತಲುಪಿಸಿ ಸಹಿ ಪಡೆಯಬೇಕು, ವಕೀಲನನ್ನು ಇಟ್ಟುಕೊಳ್ಳಲಾಗದವನಿಗೆ ಕೋರ್ಟೇ ವಕೀಲನನ್ನು ನೇಮಿಸಿ ಸರ್ಕಾರ ಹಣ ಕೊಡಬೇಕು ಎಂದು ಬರೆದರು. ಕನಿಷ್ಠ ಒಂದು ಮೇಲ್ಮನವಿಯಾದರೂ ಇರುವುದು 21ನೆಯ ವಿಧಿ ಹೇಳುವ ನ್ಯಾಯಸಮ್ಮತ ವಿಧಾನದ ಭಾಗ ಎಂದರು. ಅಮೆರಿಕದ ಕೋರ್ಟು ಇಂದಿಗೂ ಇಷ್ಟು ದೂರ ಹೋಗಿಲ್ಲ. ಒಂದು ಖೊಟ್ಟಿ ಮೊಹರಿನಿಂದ ಇಷ್ಟೆಲ್ಲ ಆಯಿತು ನೋಡಿ.

ಮತ್ತೆ ಅಮೆರಿಕಕ್ಕೆ. ಕಾಗದ ಸಿಕ್ಕಿತು ಎಂದುಕೊಳ್ಳಿ, ಅದನ್ನು ಓದಿ ತಪ್ಪು ಹುಡುಕುವವರು ಯಾರು? 1963ರ ಮಾರ್ಚ್ 18ರಂದು ಅಲ್ಲಿನ ಸುಪ್ರೀಂ ಕೋರ್ಟು ಗಿಡಿಯನ್ ತೀರ್ಪು ಕೊಟ್ಟಿತು. ಫ್ಲಾರಿಡಾದ ಜೈಲಿನಿಂದ ಪೆನ್ಸಿಲಿನಲ್ಲಿ ಅರ್ಜಿ ಬರೆದ ಕೈದಿಯ ಕತೆ ಅದು, ಜಗತ್ತಿಗೆಲ್ಲ ಗೊತ್ತು. ಗಂಭೀರ ಅಪರಾಧದ ವಿಚಾರಣೆಯಲ್ಲಿ ಬಡ ಆರೋಪಿಗೆ ಸರ್ಕಾರ ವಕೀಲನನ್ನು ಕೊಡಬೇಕು ಎಂಬುದು ಅಂದಿನಿಂದ ಬಂತು. ಅದೇ ದಿನ ಹೊರಬಿದ್ದ ಇನ್ನೊಂದು ತೀರ್ಪು, ಕ್ಯಾಲಿಫೋರ್ನಿಯಾದ ಡಗ್ಲಸ್ ಪ್ರಕರಣ, ಅಷ್ಟು ಹೆಸರು ಮಾಡಲಿಲ್ಲ. ಆ ರಾಜ್ಯದಲ್ಲಿ ಬಡವನ ಮೇಲ್ಮನವಿ ಬಂದಾಗ ನ್ಯಾಯಾಧೀಶರು ತಾವೇ ಕಡತ ತಿರುವಿಹಾಕಿ, ವಕೀಲ ಬಂದರೂ ಪ್ರಯೋಜನವಿಲ್ಲ ಎನಿಸಿದರೆ ವಕೀಲನನ್ನೇ ಕೊಡುತ್ತಿರಲಿಲ್ಲ. ಇದು ಸಲ್ಲದು, ಮೊದಲ ಮೇಲ್ಮನವಿಗೂ ವಕೀಲ ಬೇಕು ಎಂದಿತು ಕೋರ್ಟು.

ಆಗ ಹೊಸ ಇಕ್ಕಟ್ಟು ಹುಟ್ಟಿತು. ನೇಮಕವಾದ ವಕೀಲ ಕಡತವನ್ನೆಲ್ಲ ಓದುತ್ತಾನೆ, ವಾದಿಸಲು ಏನೂ ಸಿಗುವುದಿಲ್ಲ. ಆಗೇನು ಮಾಡಬೇಕು? ಸುಳ್ಳು ವಾದ ಹೂಡುವಂತಿಲ್ಲ, ಕಕ್ಷಿಗಾರನ ಕೈಬಿಡುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದ ಆಂಡರ್ಸ್ ಪ್ರಕರಣದಲ್ಲಿ ವಕೀಲ ಈ ಮೇಲ್ಮನವಿಯಲ್ಲಿ ಹುರುಳಿಲ್ಲ ಎಂದು ಕೋರ್ಟಿಗೊಂದು ಕಾಗದ ಬರೆದು ಕೈತೊಳೆದುಕೊಂಡಿದ್ದ. ಅಷ್ಟು ಸಾಲದು ಎಂದಿತು 1967ರ ತೀರ್ಪು. ಕಡತದಲ್ಲಿ ಆಸರೆಯಾಗಬಹುದಾದ ಅಂಶ ಎಷ್ಟೇ ತೆಳುವಾಗಿದ್ದರೂ ವಕೀಲ ಅದನ್ನು ಎತ್ತಿ ತೋರಿಸಬೇಕು, ಕೋರ್ಟೂ ಪರಿಶೀಲಿಸಬೇಕು. 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ವೆಂಡಿ ಪ್ರಕರಣದಲ್ಲಿ ಇದನ್ನು ಬಿಗಿಮಾಡಿತು: ವಕೀಲ ಯಾವ ವಾದವನ್ನೂ ಎತ್ತದಿದ್ದರೆ ನ್ಯಾಯಾಧೀಶರೇ ಇಡೀ ಕಡತವನ್ನು ಓದಬೇಕು. ದರೋಡೆಕೋರನಿರಲಿ, ಕೊಲೆಗಾರನಿರಲಿ, ಅವನ ಮೊದಲ ಮೇಲ್ಮನವಿಯಲ್ಲಿ ಮೂವರು ನ್ಯಾಯಾಧೀಶರ ಪೀಠ ಮೊದಲ ಪುಟದಿಂದ ಕೊನೆಯ ಪುಟದವರೆಗಿನ ಕಡತಕ್ಕೆ ಹೊಣೆ.

ಅಪರಾಧಿಯ ಮಟ್ಟಿಗೆ ಹೀಗೆ ಮೂರು ವಸ್ತು ಒಂದಾದ ಮೇಲೊಂದು ಸಿಕ್ಕವು. ಕಾಗದ, ವಕೀಲ, ಓದುವ ಕಣ್ಣು. ಮಕ್ಕಳ ಕೋರ್ಟಿನಲ್ಲಿ ಏನಾಗುತ್ತಿತ್ತು?

ಬಹುಕಾಲ ಅಲ್ಲಿ ಕಾಗದವೇ ಇರಲಿಲ್ಲ. 1964ರಲ್ಲಿ ಅರಿಝೋನಾದ 15 ವರ್ಷದ ಹುಡುಗನೊಬ್ಬ ನೆರೆಯಾಕೆಗೆ ಅಸಭ್ಯ ಫೋನ್ ಕರೆ ಮಾಡಿದ ಎಂದು ಅವನನ್ನು 21 ವರ್ಷ ತುಂಬುವವರೆಗೆ ಸುಧಾರಣಾ ಶಾಲೆಗೆ ಹಾಕಿದರು. ವಯಸ್ಕನೊಬ್ಬ ಇದೇ ತಪ್ಪು ಮಾಡಿದ್ದರೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಜೈಲು. ದೂರು ಕೊಟ್ಟಾಕೆ ಕೋರ್ಟಿಗೆ ಬರಲೇ ಇಲ್ಲ. ವಿಚಾರಣೆಯಲ್ಲಿ ಯಾರು ಏನು ಹೇಳಿದರೆಂದು ಯಾರೂ ಬರೆದಿಡಲಿಲ್ಲ. ಮಕ್ಕಳ ಪ್ರಕರಣಕ್ಕೆ ಅರಿಝೋನಾದಲ್ಲಿ ಮೇಲ್ಮನವಿಯೂ ಇರಲಿಲ್ಲ, ಹಾಗಾಗಿ ಹೆತ್ತವರು ಹೇಬಿಯಸ್ ಕಾರ್ಪಸ್ ದಾರಿ ಹಿಡಿದರು. ಆಗ ಕೆಳಗಿನ ನ್ಯಾಯಾಧೀಶರನ್ನೇ ಸಾಕ್ಷಿಕಟ್ಟೆಗೆ ಕರೆಸಿ ಅಂದು ಏನು ನಡೆಯಿತೆಂದು ನೆನಪಿನಿಂದ ಹೇಳಿಸಬೇಕಾಯಿತು! 1967ರ ಗಾಲ್ಟ್ ತೀರ್ಪು ಆ ಹುಡುಗನಂಥವರಿಗೆ ಆರೋಪದ ಸೂಚನೆ, ವಕೀಲ, ಪಾಟಿ ಸವಾಲು, ಬಾಯಿಮುಚ್ಚಿಕೊಂಡಿರುವ ಹಕ್ಕು, ಎಲ್ಲವನ್ನೂ ಕೊಟ್ಟಿತು. ಮೇಲ್ಮನವಿ ಮತ್ತು ನಡಾವಳಿಯ ಹಕ್ಕಿನ ಪ್ರಶ್ನೆಯನ್ನು ಮಾತ್ರ ಮುಟ್ಟದೆ ಬಿಟ್ಟಿತು.

ಗಾಲ್ಟ್ ಹುಡುಗ ಆರೋಪಿ. ಅದೇ ಮಕ್ಕಳ ಕೋರ್ಟಿಗೆ ಯಾವ ಆರೋಪವೂ ಇಲ್ಲದ ಮಕ್ಕಳೂ ಬರುತ್ತಾರೆ. ಮನೆಯಲ್ಲಿ ಹೊಡೆತ, ಹಸಿವು, ಅಪ್ಪನ ಕುಡಿತ, ಅಮ್ಮನ ಮಾದಕ ವ್ಯಸನ, ಇಲ್ಲವೇ ಬರೀ ಬಡತನ. ಇಂಥ ಕಾರಣಗಳಿಂದ ಸರ್ಕಾರ ತನ್ನ ರಕ್ಷಣೆಗೆ ತೆಗೆದುಕೊಂಡ ಮಕ್ಕಳು. ಇವನ್ನು ಅಲ್ಲಿ ಡಿಪೆಂಡೆನ್ಸಿ ಪ್ರಕರಣಗಳೆನ್ನುತ್ತಾರೆ. ಸಮಾಜ ಕಾರ್ಯಕರ್ತೆ ಬಂದು ಮಗುವನ್ನು ಬೇರೆ ಮನೆಗೆ ಒಯ್ಯುತ್ತಾಳೆ. ಕೋರ್ಟು ಹೆತ್ತವರಿಗೆ ಗಡುವು ಕೊಡುತ್ತದೆ: ಚಟ ಬಿಡಿ, ಮನೆ ಹುಡುಕಿ, ತರಗತಿಗೆ ಹೋಗಿ, ಮಗುವನ್ನು ತಪ್ಪದೆ ಭೇಟಿಯಾಗಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 12 ತಿಂಗಳು, ಮೂರು ವರ್ಷದೊಳಗಿನ ಮಗುವಾದರೆ 6 ತಿಂಗಳು. ವಿಸ್ತರಣೆ ಉಂಟು, ಆದರೆ ಮಿತಿಯೊಳಗೆ. ಗಡುವಿನೊಳಗೆ ಆಗದಿದ್ದರೆ ಮಗುವನ್ನು ಬೇರೆಯವರಿಗೆ ದತ್ತು ಕೊಡುವ ದಾರಿ ತೆರೆದುಕೊಳ್ಳುತ್ತದೆ. ಹೆತ್ತವರ ಹಕ್ಕು ಒಮ್ಮೆ ರದ್ದಾದರೆ ಅವರು ಆ ಮಗುವಿಗೆ ಕಾನೂನಿನ ಕಣ್ಣಲ್ಲಿ ಯಾರೂ ಅಲ್ಲ. ಎಲ್ಲಿದೆ ಎಂದು ಕೇಳುವ ಹಕ್ಕೂ ಇಲ್ಲ.

ಇದು ಶಿಕ್ಷೆಯಲ್ಲ, ಮಗುವಿನ ರಕ್ಷಣೆ, ಹಾಗಾಗಿ ಕ್ರಿಮಿನಲ್ ಅಲ್ಲ ಸಿವಿಲ್ ಎನ್ನುತ್ತದೆ ಕಾನೂನು. ಮಾತು ಸುಳ್ಳಲ್ಲ. ಆದರೆ ಆ ಒಂದು ಪದದಿಂದಲೇ ಎಷ್ಟೊಂದು ಬಾಗಿಲು ಮುಚ್ಚಿಕೊಂಡವು ಎಂಬುದು 1981ರ ಲ್ಯಾಸಿಟರ್ ತೀರ್ಪಿನಲ್ಲಿ ಕಾಣುತ್ತದೆ. ಉತ್ತರ ಕ್ಯಾರೊಲಿನಾದ ತಾಯಿ, ಕೊಲೆ ಪ್ರಕರಣದಲ್ಲಿ 25ರಿಂದ 40 ವರ್ಷದ ಸಜೆ ಅನುಭವಿಸುತ್ತಿದ್ದವಳು. ಮಗನ ಮೇಲಿನ ಹಕ್ಕಿನ ವಿಚಾರಣೆಗೆ ಅವಳನ್ನು ಜೈಲಿನಿಂದ ಕರೆತಂದರು. ಎದುರಿಗೆ ಸರ್ಕಾರದ ವಕೀಲ, ಇವಳಿಗೆ ಯಾರೂ ಇಲ್ಲ. ಸಮಾಜ ಕಾರ್ಯಕರ್ತೆಯನ್ನು ನೀನೇ ಪ್ರಶ್ನಿಸು ಎಂದರು ನ್ಯಾಯಾಧೀಶರು. ಪಾಟಿ ಸವಾಲು ಹೇಗೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ತನ್ನ ಸಂಕಟವನ್ನೇ ಹೇಳಿಕೊಳ್ಳಲು ಹೊರಟಳು. ಅದು ಪ್ರಶ್ನೆಯಲ್ಲ ಎಂದು ತಡೆದರು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಜ್ಜಿ ಹೇಳಿದ್ದೂ ನಡೆಯಲಿಲ್ಲ. ವಕೀಲನನ್ನು ಕೊಡಬೇಕಿತ್ತೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಐವರು, ಪ್ರಕರಣ ನೋಡಿಕೊಂಡು, ಎಲ್ಲರಿಗೂ ಅಲ್ಲ, ಈಕೆಗಂತೂ ಬೇಕಿರಲಿಲ್ಲ ಎಂದರು. ನಾಲ್ವರು ಒಪ್ಪಲಿಲ್ಲ. ಹಣೆಪಟ್ಟಿ ಸಿವಿಲ್ ಆದ ಮಾತ್ರಕ್ಕೆ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ, ನನ್ನದೂ.

ಮರುವರ್ಷವೇ ಗಾಳಿ ಸ್ವಲ್ಪ ತಿರುಗಿತು. ನ್ಯೂಯಾರ್ಕಿನ ಸ್ಯಾಂಟೋಸ್ಕಿ ಪ್ರಕರಣದಲ್ಲಿ, ಸಾಕ್ಷ್ಯ ತಕ್ಕಡಿಯ ಒಂದು ಕಡೆಗೆ ತುಸು ವಾಲಿದರೆ ಸಾಲದು, ಹೆತ್ತವರ ಹಕ್ಕು ಕಡಿಯಲು ಸ್ಪಷ್ಟವೂ ನಂಬಲರ್ಹವೂ ಆದ ಸಾಕ್ಷ್ಯವೇ ಬೇಕು ಎಂದಿತು ಕೋರ್ಟು. ಅಪರಾಧ ಪ್ರಕರಣದ 'ಸಂಶಯಾತೀತ'ಕ್ಕೆ ಒಂದು ಮೆಟ್ಟಿಲು ಕೆಳಗೆ, ಸಾಲದ ದಾವೆಗೆ ಒಂದು ಮೆಟ್ಟಿಲು ಮೇಲೆ. ಹೆತ್ತವರು ಆದರ್ಶ ಹೆತ್ತವರಲ್ಲದಿದ್ದ ಮಾತ್ರಕ್ಕೆ ಅವರಿಗೆ ಮಗುವಿನ ಮೇಲಿರುವ ಆಸಕ್ತಿ ಆವಿಯಾಗುವುದಿಲ್ಲ ಎಂಬರ್ಥದ ಮಾತು ಅದರಲ್ಲಿದೆ.

ಇಷ್ಟು ಹಾದಿ ಸವೆದ ಮೇಲೆ ಮಿಸಿಸಿಪ್ಪಿಯ ತಾಯಿಯ ಅರ್ಜಿ ವಾಷಿಂಗ್ಟನ್ನಿಗೆ ಬಂತು. ಆಕೆಯದು ಸರ್ಕಾರ ಹೂಡಿದ ಡಿಪೆಂಡೆನ್ಸಿ ಪ್ರಕರಣವಲ್ಲ, ಮಾಜಿ ಗಂಡ ಹೂಡಿದ್ದು. ಆದರೆ ಕೊನೆಯಲ್ಲಿ ಬೀಳುವ ಕತ್ತರಿ ಒಂದೇ. ಆ ರಾಜ್ಯದ ಸುಪ್ರೀಂ ಕೋರ್ಟು, ಸಿವಿಲ್ ಮೇಲ್ಮನವಿಯಲ್ಲಿ ಬಡವರಿಗೆ ವಿನಾಯಿತಿ ಇಲ್ಲ ಎಂದು ಕಳಿಸಿತ್ತು. 1996ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ತೀರ್ಪು ಆಕೆಯ ಕಡೆಗಾಯಿತು, ಆರು ಮೂರರ ಬಹುಮತದಲ್ಲಿ. ಗಿನ್ಸ್‌ಬರ್ಗ್ ಗ್ರಿಫಿನ್ ತೀರ್ಪಿನಿಂದ ಹಿಡಿದು ದಾರಿಯುದ್ದದ ಪ್ರಕರಣಗಳನ್ನು ಪೋಣಿಸಿದರು. ಅವುಗಳಲ್ಲೊಂದು 1971ರದ್ದು, ಷಿಕಾಗೋದ ವೈದ್ಯಕೀಯ ವಿದ್ಯಾರ್ಥಿಯೊಬ್ಬನದ್ದು. ಅವನಿಗೆ ಜೈಲಾಗಿರಲಿಲ್ಲ, ಒಟ್ಟು 500 ಡಾಲರ್ ದಂಡ ಅಷ್ಟೆ; ಆದರೂ ಮೇಲ್ಮನವಿಗೆ ಬೇಕಾದ ನಡಾವಳಿಯನ್ನು ಹಣವಿಲ್ಲವೆಂದು ತಡೆಹಿಡಿಯಬಾರದು ಎಂದು ಕೋರ್ಟು ಹೇಳಿತ್ತು. 500 ಡಾಲರ್ ಕಳೆದುಕೊಳ್ಳುವವನಿಗೆ ಇರುವ ಹಕ್ಕು ಎರಡು ಮಕ್ಕಳನ್ನು ಜೀವನಪೂರ್ತಿ ಕಳೆದುಕೊಳ್ಳುವವಳಿಗೆ ಇಲ್ಲವೇ? ವಾದ ಇಷ್ಟು ಸರಳ. ಭಿನ್ನಮತ ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಆತಂಕವೂ ಸರಳವೇ: ಸಿವಿಲ್ ಪ್ರಕರಣದಲ್ಲಿ ಈ ಗೆರೆ ದಾಟಿದರೆ ಇನ್ನೆಲ್ಲಿ ನಿಲ್ಲಿಸುತ್ತೀರಿ?

ಕಾಗದ ಸಿಕ್ಕಿತು. ಲ್ಯಾಸಿಟರ್ ತೀರ್ಪು ಏನೇ ಹೇಳಿದರೂ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮದೇ ಕಾಯಿದೆಯಲ್ಲಿ ಬಡ ಹೆತ್ತವರಿಗೆ ವಕೀಲರನ್ನೂ ಕೊಟ್ಟವು. ಉಳಿದದ್ದು ಮೂರನೆಯದು, ಓದುವ ಕಣ್ಣು. ಅದರ ಪ್ರಶ್ನೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ 1996ರಲ್ಲೇ, ಸೇಡ್ ಸಿ. ಎಂಬ ಮಗುವಿನ ಹೆಸರಿನ ಪ್ರಕರಣದಲ್ಲಿ. ಹೆತ್ತವರ ವಕೀಲ ಕಡತ ಓದಿ, ವಾದಿಸಲು ಏನೂ ಸಿಗಲಿಲ್ಲ ಎಂದರೆ, ಅಪರಾಧಿಗೆ ಓದುವ ಹಾಗೆ ಇವರಿಗೂ ಕೋರ್ಟು ಇಡೀ ಕಡತ ಓದಬೇಕೇ?

ಬೇಡ ಎಂದಿತು ಕೋರ್ಟು. ಹೆತ್ತವರು ಆರೋಪಿಗಳಲ್ಲ, ಸರ್ಕಾರವೂ ಇಲ್ಲಿ ಬರೀ ಎದುರಾಳಿಯಲ್ಲ. ನೇಮಕವಾದ ವಕೀಲರು ನಿಷ್ಠೆಯಿಂದ ಕೆಲಸ ಮಾಡುತ್ತಿದ್ದಾರೆ, ಅವರ ಕಣ್ಣು ತಪ್ಪಿದ ದೋಷ ನ್ಯಾಯಾಧೀಶರಿಗೆ ಸಿಗುವುದು ಅಪರೂಪ. ಇವೆಲ್ಲಕ್ಕಿಂತ ಭಾರವಾದ ಕಾರಣ, ಮಗು ಕಾಯುತ್ತಿದೆ. ದೊಡ್ಡವರ ಒಂದು ವರ್ಷ ಎರಡು ವರ್ಷದ ಮಗುವಿಗೆ ಅರ್ಧ ಆಯುಷ್ಯ. ಯಾವ ಮನೆ ತನ್ನದು ಎಂದು ತಿಳಿಯದೆ ಅದು ಬೆಳೆಯುತ್ತಿರುತ್ತದೆ.

ಈ ಕೊನೆಯ ಕಾರಣವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಕೈದಿಯ ಶಿಕ್ಷೆ ರದ್ದಾದರೆ ಹೊಸ ವಿಚಾರಣೆ ನಡೆಯುತ್ತದೆ. ಇಲ್ಲಿ ತಪ್ಪು ಸರಿಪಡಿಸುವ ಹೊತ್ತಿಗೆ ಮಗು ಇನ್ನೊಬ್ಬಳನ್ನು ಅಮ್ಮಾ ಎಂದು ಕರೆಯುತ್ತಿರಬಹುದು. ಅವಳಿಂದ ಕಿತ್ತುತರುವುದೂ ಕ್ರೌರ್ಯವೇ. ಇದೇ ಅವಸರದಿಂದ 1997ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕಾಯಿದೆ ತಂದು, ಹಿಂದಿನ 22 ತಿಂಗಳಲ್ಲಿ 15 ತಿಂಗಳು ಮಗು ಬೇರೆಯವರ ಆಶ್ರಯದಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದತಿಗೆ ರಾಜ್ಯಗಳು ಅರ್ಜಿ ಹಾಕಬೇಕೆಂದಿತು. ಆದರೆ ಮೇಲ್ಮನವಿಯಲ್ಲಿ ತಿಂಗಳುಗಳು ಕಳೆಯುವುದು ನಡಾವಳಿ ಸಿದ್ಧವಾಗುವುದಕ್ಕೆ, ವಕೀಲರ ನೇಮಕಕ್ಕೆ, ಸರದಿಗೆ. ಅಷ್ಟೆಲ್ಲ ಆಗಿ, ಕಾಗದ ನ್ಯಾಯಾಧೀಶರ ಮೇಜಿನ ಮೇಲೆ ಬಂದು ಕೂತ ಮೇಲೆ, ಅದನ್ನು ಓದಲು ಬೇಕಾಗುವುದು ಒಂದೆರಡು ದಿನ. ಆ ಒಂದೆರಡು ದಿನವನ್ನೇ ಮಗುವಿನ ಹೆಸರಿನಲ್ಲಿ ಉಳಿಸಿದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಹೆತ್ತವರಿಂದ ತಪ್ಪಾಗಿ ಬೇರ್ಪಡದಿರುವುದೂ ಆ ಮಗುವಿನ ಹಿತವೇ ಅಲ್ಲವೇ? ನಮ್ಮ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೆಂಗಸಿಗೂ ಮಗುವಿಗೂ ಆದಾಯ ಎಷ್ಟೆಂದು ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಬರಹದ ಮಟ್ಟಿಗೆ ನಾವು ಮುಂದಿದ್ದೇವೆ ಎನ್ನೋಣ.

2009ರಲ್ಲಿ ಅದೇ ಕ್ಯಾಲಿಫೋರ್ನಿಯಾ ಕೋರ್ಟು, ಫೀನಿಕ್ಸ್ ಎಚ್. ಎಂಬ ಮಗುವಿನ ಪ್ರಕರಣದಲ್ಲಿ ಇನ್ನೂ ಒಂದು ಗಂಟು ಹಾಕಿತು. ವಕೀಲ ಏನೂ ಇಲ್ಲ ಎಂದ ಮೇಲೆ ಹೆತ್ತವರು ತಾವೇ ಬರೆದು ಕೊಡುತ್ತೇವೆ ಎಂದರೆ, ಅದು ಅವರ ಹಕ್ಕಲ್ಲ. ವಾದಿಸಲು ಯೋಗ್ಯವಾದ ಅಂಶ ನಿಜವಾಗಿಯೂ ಇದೆ ಎಂದು ಮೊದಲು ತೋರಿಸಿದರೆ ಕೋರ್ಟು ಅವಕಾಶ ಕೊಡಬಹುದು. ವಕೀಲನಿಗೇ ಕಾಣದ್ದನ್ನು ಚಟ ಬಿಡಿಸುವ ಕೇಂದ್ರದಲ್ಲೋ ಜೈಲಿನಲ್ಲೋ ಕೂತ ತಾಯಿ ತೋರಿಸಬೇಕು.

ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟುಗಳ ತೀರ್ಪುಗಳಲ್ಲಿ ಬಹುಪಾಲು ಅಧಿಕೃತ ಸಂಪುಟಗಳಲ್ಲಿ ಅಚ್ಚಾಗುವುದಿಲ್ಲ, ಅವನ್ನು ಬೇರೆ ಪ್ರಕರಣದಲ್ಲಿ ಆಧಾರವಾಗಿ ಉಲ್ಲೇಖಿಸುವಂತೆಯೂ ಇಲ್ಲ. ಯಾರು ಬೇಕಾದರೂ ಓದಬಹುದು, ಅಷ್ಟೆ. ವಕೀಲರಿಗೆ ವಾದವೇ ಸಿಗದ ಎರಡು ಬಗೆಯ ಪ್ರಕರಣಗಳೂ ಆ ರಾಶಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ, ಎರಡೂ ಎರಡು ಮೂರು ಪುಟಕ್ಕೆ ಮುಗಿಯುತ್ತವೆ. ಕಳ್ಳತನದವನದ್ದು, ಇಡೀ ಕಡತವನ್ನು ನಾವೇ ಪರಿಶೀಲಿಸಿದ್ದೇವೆ, ವಾದಿಸಬಹುದಾದ ಅಂಶ ಕಾಣಲಿಲ್ಲ, ಕೆಳಗಿನ ತೀರ್ಪು ಸ್ಥಿರ ಎಂದು ಕೊನೆಯಾಗುತ್ತದೆ. ತಾಯಿಯದ್ದರಲ್ಲಿ, ವಕೀಲರು ಅಂಶವಿಲ್ಲ ಎಂದಿದ್ದಾರೆ, ತಾಯಿಗೆ ಪತ್ರ ಬರೆಯಲು ಸಮಯ ಕೊಟ್ಟಿದ್ದೆವು, ಉತ್ತರ ಬಂದಿಲ್ಲ, ಮೇಲ್ಮನವಿಯನ್ನು ಕೈಬಿಟ್ಟಿದ್ದಾಳೆಂದು ತಿಳಿದು ವಜಾ ಮಾಡಿದ್ದೇವೆ ಎಂದಿರುತ್ತದೆ.